ಅಪ್‌ಡೇಟ್: ಮೋಲ್ ಲೆಕ್ಕಕ್ಕೆ ಹಂತವಾರು ಅಂಕ

ಮೋಲ್ (ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ಏಕಮಾನ) ಲೆಕ್ಕದಲ್ಲಿ ತುಂಬಾ ಮಕ್ಕಳು ಫೇಲಾಗುತ್ತಿದ್ದಾರೆ, ಅಂತಿಮ ಉತ್ತರ ತಪ್ಪಿದರೆ ಸೊನ್ನೆ ಕೊಡುವುದು ಸರಿಯೇ ಎಂದು ಕೇಳಿದ್ದೆ. ನೀವು ಹೇಳಿದಂತೆ ಹಂತಕ್ಕೊಂದು ಅಂಕ ಇಟ್ಟಿದ್ದೇನೆ.

ಪ್ರಶ್ನೆ: 4 ಗ್ರಾಂ ಹೈಡ್ರೋಜನ್ ಪೂರ್ತಿ ಉರಿಯಲು ಎಷ್ಟು ಆಕ್ಸಿಜನ್ ಬೇಕು? ಸರಿದೂಗಿಸಿದ ಸಮೀಕರಣಕ್ಕೆ 1, ಗ್ರಾಂನಿಂದ 2 ಮೋಲ್‌ಗೆ 1, ಹೈಡ್ರೋಜನ್–ಆಕ್ಸಿಜನ್ ಮೋಲ್‌ಗಳ 2:1 ಅನುಪಾತಕ್ಕೆ 1, ಮತ್ತೆ ಗ್ರಾಂಗೆ 1, ಏಕಮಾನಕ್ಕೆ 1. ಉತ್ತರ 32 ಗ್ರಾಂ. ಒಂದು ತಪ್ಪಿಗೆ ಒಂದೇ ಸಲ ಕಡಿತ. ಆ ತಪ್ಪು ಸಂಖ್ಯೆ ಹಿಡಿದೇ ಮುಂದಿನ ಹಂತ ಸರಿ ಮಾಡಿದ್ದರೆ ಅದರ ಅಂಕ ಕೊಡಲೇಬೇಕು.

ದೊಡ್ಡ ಲಾಭವೆಂದರೆ, ಎಡವಿದ್ದು ಎಲ್ಲಿ ಎಂಬುದು ಕಾಣುತ್ತದೆ. 2 ಗ್ರಾಂ ಬರೆದವರು ಸಮೀಕರಣದ ಗುಣಾಂಕಗಳನ್ನೇ (ಸೂತ್ರಗಳ ಮುಂದಿನ ಅಂಕಿ) ಗ್ರಾಂ ಎಂದುಕೊಂಡಿದ್ದಾರೆ. 16 ಬಂದರೆ ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣು ಇರುವುದು ಮರೆತಿದೆ. 64 ಮಾತ್ರ ಮೋಸಗೊಳಿಸುತ್ತದೆ: ಅನುಪಾತ ಬಿಟ್ಟವರಿಗೂ ಅದೇ, ಹೈಡ್ರೋಜನ್‌ನ ಮೋಲಾರ್ ರಾಶಿ (ಒಂದು ಮೋಲ್‌ಗೆ ಎಷ್ಟು ಗ್ರಾಂ) 1 ಎಂದು ಹಿಡಿದು 4 ಮೋಲ್ ಬರೆದವರಿಗೂ ಅದೇ. ಹಂತ ನೋಡದೆ ಇವರಿಬ್ಬರಿಗೂ ಒಂದೇ ಪಾಠ ಮಾಡಿದರೆ ಒಬ್ಬರಿಗೆ ಅದು ವ್ಯರ್ಥ.

ಮರುಪರೀಕ್ಷೆಗೆ ಬೇರೆ ವಸ್ತು ಕೊಡಿ. 12 ಗ್ರಾಂ ಮೆಗ್ನೀಸಿಯಂ ಉರಿಯಲು 8 ಗ್ರಾಂ ಆಕ್ಸಿಜನ್. ಅರ್ಧ, ಕಾಲು ಮೋಲ್ ಬರುವುದರಿಂದ ಬಾಯಿಪಾಠ ಇಲ್ಲಿ ನಡೆಯುವುದಿಲ್ಲ.