ಶ್ವಾಸಕೋಶದ ಆಪರೇಷನ್‌ಗೆ ಮುನ್ನ ತೂಕ ಇಳಿದಿದೆ, ಮುಂದೂಡಬಹುದೇ?

ಹಾಸನದಿಂದ:
ನಮ್ಮ ತಂದೆಯವರಿಗೆ 64 ವರ್ಷ. ಕ್ಯಾನ್ಸರ್ ಇರುವ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು ಮುಂದಿನ ವಾರ ತೆಗೆಯುವವರಿದ್ದಾರೆ. ನಾಲ್ಕು ತಿಂಗಳಲ್ಲಿ ತೂಕ 62 ಕಿಲೋದಿಂದ 54ಕ್ಕೆ ಇಳಿದಿದೆ, ರಕ್ತದಲ್ಲಿನ ಪ್ರೋಟೀನ್ ಆದ ಆಲ್ಬುಮಿನ್ ಕೂಡ ಕಡಿಮೆ, 3.1 ಇದೆ. ಎರಡು ವಾರ ಆಹಾರ ಕೊಟ್ಟು ಆಮೇಲೆ ಮಾಡಿಸಿದವರು ಯಾರಾದರೂ ಇದ್ದೀರಾ?

ತುಮಕೂರಿನಿಂದ:
ನಾವು ಮುಂದೂಡಿದೆವು. ನಮ್ಮ ಯಜಮಾನರ ಆಲ್ಬುಮಿನ್ 2.9, ಬಿಳಿ ರಕ್ತಕಣದ ಒಂದು ಬಗೆಯಾದ ಲಿಂಫೋಸೈಟ್ 1,400 ಇತ್ತು. ಆಲ್ಬುಮಿನನ್ನು ಹತ್ತರಿಂದ ಗುಣಿಸಿ, ಲಿಂಫೋಸೈಟನ್ನು 0.005ರಿಂದ ಗುಣಿಸಿ, ಎರಡನ್ನೂ ಕೂಡಿಸಿದರೆ ಬರುವ ಪೋಷಣಾ ಸೂಚ್ಯಂಕ ಅವರಿಗೆ 36 ಬಂತು. ಅದು 45ರಿಂದ 50ರ ಆಸುಪಾಸಿಗಿಂತ ಕೆಳಗಿದ್ದವರು ಆಪರೇಷನ್ ಆದ ಮೇಲೂ ಹೆಚ್ಚು ಕಾಲ ಬಾಳುವುದು ಕಡಿಮೆ ಎಂದು ಡಯಟಿಶಿಯನ್ ತಿಳಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿಲೋ ತೂಕಕ್ಕೆ ಒಂದೂವರೆ ಗ್ರಾಂನಂತೆ ದಿನಕ್ಕೆ 75 ಗ್ರಾಂ ಪ್ರೋಟೀನ್ ಕೊಡಬೇಕಿತ್ತು, ಒಂದು ಮೊಟ್ಟೆಯಲ್ಲಿರುವುದು ಆರೇ ಗ್ರಾಂ. ಹದಿನಾರು ದಿನಕ್ಕೆ 720 ರೂಪಾಯಿಯ ಪ್ರೋಟೀನ್ ಪುಡಿ ನಾಲ್ಕು ಡಬ್ಬಿ, ಏಳು ರೂಪಾಯಿಯಂತೆ 48 ಮೊಟ್ಟೆ, ಒಟ್ಟು 3,216 ಎಂದು ಲೆಕ್ಕದ ಪುಸ್ತಕದಲ್ಲಿ ಈಗಲೂ ಇದೆ. ಲೋಟ ಕಂಡರೆ ಮುಖ ತಿರುಗಿಸುತ್ತಿದ್ದರು. ಮಜ್ಜಿಗೆಯಲ್ಲಿ ಕದಡಿ, ಜೀರಿಗೆ ಪುಡಿ ಉದುರಿಸಿ, ಮಸಾಲೆ ಮಜ್ಜಿಗೆ ಎಂದು ಸುಳ್ಳು ಹೇಳಿ ಕುಡಿಸಿದೆ. ಆಪರೇಷನ್ ಬಳಿಕ ಗಾಳಿ, ನೀರು ಹೊರಹೋಗಲು ಹಾಕಿದ್ದ ಎದೆಯ ಟ್ಯೂಬನ್ನು ಐದನೆಯ ದಿನ ತೆಗೆದರು. ನಾಲ್ಕು ವರ್ಷವಾಯಿತು, ತೋಟಕ್ಕೆ ತಾವೇ ನೀರು ಹಾಯಿಸುತ್ತಾರೆ.

ಧಾರವಾಡದಿಂದ:
ಎಲ್ಲರಿಗೂ ಎರಡು ವಾರ ಸಿಗುವುದಿಲ್ಲ, ತಾಯಿ. ಈ ದಿನಾಂಕ ಬಿಟ್ಟರೆ ಮುಂದಿನದು ಒಂದೂವರೆ ತಿಂಗಳ ನಂತರ ಎಂದಿದ್ದರಿಂದ ನಮ್ಮ ಅಣ್ಣನಿಗೆ ಒಪ್ಪಿಗೆ ಕೊಟ್ಟೆವು. ಆಲ್ಬುಮಿನ್ ಬಾಟಲಿ ನಾಲ್ಕು ಏರಿಸಿದರು, ಒಂದಕ್ಕೆ 5,200. ವರದಿಯ ಅಂಕಿ ಏರಿತು, ಅಣ್ಣ ಏಳಲಿಲ್ಲ. ಆಪರೇಷನ್ ಆದ ಮೇಲೆ ಹತ್ತೊಂಬತ್ತು ದಿನ ಶ್ವಾಸಕೋಶದಿಂದ ಗಾಳಿ ಸೋರಿತು. ಕೆಮ್ಮಿದಾಗಲೆಲ್ಲ ಮಂಚದ ಕೆಳಗಿನ, ಎದೆಯ ಟ್ಯೂಬಿನ ಬಾಟಲಿಯ ನೀರು ಗುಳುಗುಳು ಎನ್ನುತ್ತಿದ್ದ ಸದ್ದನ್ನು ನಾನು ಮರೆತಿಲ್ಲ. ಹದಿನಾಲ್ಕು ತಿಂಗಳಿಗೆ ತೀರಿಕೊಂಡ.

ತುಮಕೂರಿನಿಂದ:
ಬಾಟಲಿ ಏರಿಸುವುದು ಊಟವಲ್ಲ, ಸರ್. ಅದರಿಂದ ಮೈಯಲ್ಲಿ ಮಾಂಸ ತುಂಬುವುದಿಲ್ಲ.

ಧಾರವಾಡದಿಂದ:
ನಾನು ಬರೆದದ್ದೂ ಅದನ್ನೇ. ದೇಹದಲ್ಲಿ ಉರಿಯೂತವಿದ್ದರೂ ಆಲ್ಬುಮಿನ್ ಇಳಿಯುತ್ತದೆ, ಅದು ಬರೀ ಊಟದ ಲೆಕ್ಕವಲ್ಲ. ನಿಮ್ಮವರದು ಎಷ್ಟನೆಯ ಹಂತ? ನಮ್ಮ ಅಣ್ಣನಿಗೆ ದುಗ್ಧರಸ ಗ್ರಂಥಿಗಳಿಗೂ ಹಬ್ಬಿತ್ತು. ಹಂತವನ್ನು ಹೇಳದೆ ನಾಲ್ಕು ವರ್ಷವನ್ನು ಮಜ್ಜಿಗೆಯ ಖಾತೆಗೆ ಬರೆಯಬೇಡಿ.

ಶಿರಸಿಯಿಂದ:
ನಾನೇ ರೋಗಿ, ಮೊಟ್ಟೆ ಮುಟ್ಟದ ಮನೆಯವನು. ಆಪರೇಷನ್ ಬಳಿಕ ಊಟ ಶುರುವಾದ ಮರುದಿನ ಟ್ಯೂಬಿನಲ್ಲಿ ಹಾಲಿನಂಥ ದ್ರವ ಬಂತು, ಕೈಲ್ ಸೋರಿಕೆ, ಅಂದರೆ ಊಟದ ಕೊಬ್ಬನ್ನು ಸಾಗಿಸುವ ದ್ರವ ಎದೆಯೊಳಗೆ ಸೋರುತ್ತಿದೆ ಎಂದರು. ತುಪ್ಪ, ಕಾಯಿ, ಒಗ್ಗರಣೆ ಎಲ್ಲವೂ ನಿಂತವು. ಆ ದ್ರವಕ್ಕೆ ಸೇರದೆ ನೇರ ರಕ್ತಕ್ಕೆ ಹೋಗುವ, 1,150 ರೂಪಾಯಿಯ ಎಂಸಿಟಿ ಎಣ್ಣೆ, ಕೆನೆ ತೆಗೆದ ಮೊಸರು, ಬೇಳೆಯ ಕಟ್ಟು, ಇಷ್ಟರಲ್ಲೇ ಹನ್ನೆರಡು ದಿನ ಕಳೆದೆ. ಮೊಟ್ಟೆಯಿಲ್ಲದೆ ಬದುಕಿಲ್ಲ ಎನ್ನುವವರು ಇದನ್ನೂ ಓದಲಿ.

ತುಮಕೂರಿನಿಂದ:
ಹಾಗೆಂದು ನಾನು ಎಲ್ಲಿ ಬರೆದಿದ್ದೇನೆ, ತೋರಿಸಿ. ನಮ್ಮವರದು ಎರಡನೆಯ ಹಂತ, ಈಗ ಸಮಾಧಾನವಾಯಿತೇ?

ಹಾಸನದಿಂದ:
ಅಮ್ಮಾ, ಮಜ್ಜಿಗೆಯಲ್ಲಿ ಆ ಪುಡಿ ಗಂಟು ಕಟ್ಟುವುದಿಲ್ಲವೇ?