ಸಹಾಯ ಬೇಕು: ಐಯೊವಾ ಮಹಿಳಾ ಬಾಸ್ಕೆಟ್‌ಬಾಲ್ ಮೊದಲ ಪಂದ್ಯಕ್ಕೆ ನಾಲ್ಕು ಸೀಟು

ನವೆಂಬರ್ ಆರಂಭದ ಪಂದ್ಯಕ್ಕೆ ಅಮೆರಿಕದ ಐಯೊವಾ ವಿಶ್ವವಿದ್ಯಾಲಯ ತಂಡದ ಕ್ರೀಡಾಂಗಣವಾದ ಕಾರ್ವರ್-ಹಾಕೈ ಅರೀನಾದಲ್ಲಿ ನಾಲ್ಕು ಸೀಟು ಬೇಕು, ಅಕ್ಕಪಕ್ಕ. ಒಬ್ಬರಿಗೆ ಮಂಡಿನೋವು. ಅಲ್ಲಿ ಒಳಹೋಗುವ ಬಾಗಿಲು ಮೇಲ್ಗಡೆ, ಅಂಗಳ ತಗ್ಗಿನಲ್ಲಿ. ಅಂಗಳಕ್ಕೆ ಹತ್ತಿರದ ದುಬಾರಿ ಸೀಟು ತಗೊಂಡಷ್ಟೂ ಮೆಟ್ಟಿಲು ಜಾಸ್ತಿ! ಹಾಗಾಗಿ ಮೇಲಿನ ಕೊನೆಯ ಸಾಲುಗಳೇ ಸರಿ.

ಟಿಕೆಟ್ ಬಿಟ್ಟುಕೊಡುವವರು ದಯವಿಟ್ಟು ಆ್ಯಪ್‌ನಲ್ಲೇ ವರ್ಗಾಯಿಸಿ. ಸ್ಕ್ರೀನ್‌ಶಾಟ್ ನಂಬಿ ಹೋದರೆ ಗೇಟಿನಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು, ಒಂದೇ ಚಿತ್ರ ಇಬ್ಬರಿಗೆ ಹೋಗಿದ್ದರಂತೂ ಮುಗಿಯಿತು. ಹಣ ಟಿಕೆಟ್ ಕೈಗೆ ಬಂದ ತಕ್ಷಣ.

ಇನ್ನೊಂದು: ಅರೀನಾ ಒಳಗೆ ಒಯ್ಯಲು 12×6×12 ಇಂಚಿನೊಳಗಿನ ಪಾರದರ್ಶಕ ಚೀಲ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೊಡಿ. ಪಂದ್ಯದಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್ (ಭಾಗ), ಎರಡು ಮುಗಿದ ಮೇಲೆ 15 ನಿಮಿಷ ಬಿಡುವು. ಆಗ ಶೌಚಾಲಯದ ಸಾಲು ಎಷ್ಟುದ್ದ ಇರುತ್ತದೆ, ಯಾವ ಕಡೆ ಕಡಿಮೆ ಜನ? ಹೋಗಿಬಂದವರು ಹೇಳಿ.