ಅಜ್ಜಿಯ ಓಲೆ, ಗುಂಡಿನ ಸರ, ಒಂದು ಕಾಸು: ಎಷ್ಟು ಹಳೆಯವು, ಯಾವುದರಲ್ಲಿ ಮಾಡಿದ್ದು?

ಮಲ್ಲೇಶ್ವರದ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡು ಎರಡು ತಿಂಗಳಾಯ್ತು. ಅವರ ಬೀರುವಿನಲ್ಲಿ ಅರಿಶಿನ ಹತ್ತಿದ ಬಟ್ಟೆಗಂಟಿನೊಳಗೆ ಮೂರು ಒಡವೆ ಸಿಕ್ಕವು: ಕೆಂಪು ಹರಳಿನ ಏಳು ಕಲ್ಲಿನ ಓಲೆ, ಗುಂಡಿನ ಸರ, ಪೋಣಿಸೋಕೆ ಸಣ್ಣ ಬಳೆ (ಕೊಂಡಿ) ಹಾಕಿದ ಒಂದು ಚಿನ್ನದ ಕಾಸು. ಕಾಸಿನಲ್ಲಿ 1918 ಅಂತಿದೆ, ಹಿಂದೆ ಗಡ್ಡದ ರಾಜನ ತಲೆ.

ಒಂದು ಅಂಗಡಿಗೆ ಒಯ್ದೆವು. "ಸೀಲೇ ಇಲ್ಲ, ಕಲ್ಲೂ ಮೆಷಿನ್ನಿಂದು, ಕರಗಿಸಿ ಹೊಸದು ತಗೊಳ್ಳಿ" ಅಂದು ಅಲ್ಲೇ ಹರಳು ಕೀಳೋಕೆ ಇಕ್ಕಳ ತೆಗೆದರು. ಅಮ್ಮ ಓಲೆ ಕಿತ್ತುಕೊಂಡು ಎದ್ದುಬಂದರು. ಗುಂಡಿನ ಸರದಲ್ಲಿ ಒಂದು ಗುಂಡು ನಜ್ಜಿ ಒಡೆದಿದೆ, ಒಳಗೆ ಹಳೇ ಬೆಲ್ಲದ ಬಣ್ಣದ ಏನೋ ಇದೆ. ಓಲೆಯ ಹಿಂಭಾಗ ಪೂರ್ತಿ ಮುಚ್ಚಿದೆ, ಒಂದು ಹರಳು ಮಾತ್ರ ಮಂಕಾಗಿದೆ. ಎಡಗಿವಿಯ ತಿರುಪು ಬಲಗಿವಿಯದಕ್ಕೆ ಹತ್ತೋದೇ ಇಲ್ಲ. ಇದು ಅಜ್ಜಿಯ ಅತ್ತೆಯದು ಅಂತಾರೆ. ನಿಜ ಇರಬಹುದಾ?

ನಗರ್ತಪೇಟೆ ಅಕ್ಕಸಾಲಿ:
ಕರಗಿಸಬೇಡಿ ತಾಯಿ. ಸೀಲ್ ಇಲ್ಲ ಅನ್ನೋದು ದೋಷವೇ ಅಲ್ಲ. ಚಿನ್ನಕ್ಕೆ ಶುದ್ಧತೆಯ ಸರ್ಕಾರಿ ಮುದ್ರೆ, ಅಂದರೆ ಬಿಐಎಸ್ ಹಾಲ್‌ಮಾರ್ಕ್ ಶುರುವಾಗಿದ್ದೇ 2000ದಲ್ಲಿ, ಆರು ಅಕ್ಷರ-ಅಂಕಿಯ ಗುರುತು ಬಂದಿದ್ದು 2021ರಲ್ಲಿ. ನಿಮ್ಮಜ್ಜಿಯ ಒಡವೆಗೆ ಅದು ಎಲ್ಲಿಂದ ಬರಬೇಕು?

ಗುಂಡಿನೊಳಗಿರೋದು ಅರಗು. ತೆಳು ತಗಡಿನ ಗುಂಡು ನಜ್ಜದಿರಲಿ ಅಂತ ತುಂಬಿರ್ತಾರೆ. ಹಾಗಾಗಿ ತೂಕದಲ್ಲಿ ಎಲ್ಲಾ ಚಿನ್ನ ಅಂದ್ಕೋಬೇಡಿ. ನೀರಿನಲ್ಲಿ ತೂಗಿ ಚಿನ್ನ ನೋಡೋ ಲೆಕ್ಕವೂ ಇದಕ್ಕೆ ಸಲ್ಲದು. ಬಿಸಿ ತಾಗಿಸಬೇಡಿ, ಅರಗು ಕರಗಿ ಹೊರಬರುತ್ತೆ. ಚಿನ್ನದ ಶುದ್ಧತೆ ಮೆಷಿನ್ನಲ್ಲಿ ನೋಡಿಸೋದಾದರೆ ಒಡವೆಯ ಮೂರ್ನಾಲ್ಕು ಜಾಗದಲ್ಲಿ ಇಡಿಸಿ. ಅದು ಓದೋದು ಮೇಲ್ಪದರ ಮಾತ್ರ, ಬೆಸುಗೆಯ ಮೇಲೆ ಬಿದ್ದರೆ ಕಡಿಮೆ ತೋರಿಸುತ್ತೆ.

ತಿರುಪು ಅದಲು ಬದಲು ಆಗಲ್ಲ ಅಂದಿರಲ್ಲ, ನನಗೆ ಅದೇ ಮುಖ್ಯ, ಅದು ಹಳೇ ಕೈಕೆಲಸದ ಗುರುತು. ಕೈಯಲ್ಲಿ ಮರೆ (ಸುತ್ತುಗೆರೆ) ಹಾಕಿದ ತಿರುಪು ತನ್ನ ಕಡ್ಡಿಗೆ ಮಾತ್ರ ಕೂರುತ್ತೆ. ನಮ್ಮ ತಂದೆಯವರು ಹಾಗೆಯೇ ಮಾಡ್ತಿದ್ದರು.

ಹರಳು ಪರೀಕ್ಷೆ ಮಾಡುವವಳು:
ಮಂಕಾದ ಹರಳಿನ ಅಡಿಯಲ್ಲಿ ಹೊಳಪಿಗೆ ಇಟ್ಟ ತಗಡಿಗೆ ನೀರು ಹೋಗಿ ಕಪ್ಪಾಗಿರುತ್ತೆ, ಕಲ್ಲು ಕೆಟ್ಟಿಲ್ಲ. ದಯವಿಟ್ಟು ಸೋಪಿನ ನೀರಲ್ಲಿ ನೆನೆಸಬೇಡಿ, ಒಣ ಬಟ್ಟೆ ಸಾಕು.

"ಮೆಷಿನ್ ಕಲ್ಲು", ಅಂದರೆ ಮನುಷ್ಯರು ಬೆಳೆಸಿದ ಕಲ್ಲು, ಅಂದಾಕ್ಷಣ ಹೊಸದು ಅಂತ ಅಲ್ಲ ಅಕ್ಕ. ಉರಿಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವೆರ್ನೆಯ್ 1902ರಲ್ಲೇ ಪ್ರಕಟಿಸಿದ. ನೂರು ವರ್ಷದ ಓಲೆಯಲ್ಲೂ ಅಂಥ ಕಲ್ಲು ಇರಬಹುದು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ: ಒಳಗೆ ಬಾಗಿದ ಗೆರೆ, ಸಣ್ಣ ಗುಳ್ಳೆ ಕಂಡರೆ ಬೆಳೆಸಿದ್ದು. ನೆಲದಲ್ಲಿ ಹುಟ್ಟಿದ್ದರಲ್ಲಿ ಬೆಳವಣಿಗೆಯ ಗೆರೆ ನೇರವಾಗಿ ಹೋಗಿ, ಮೂಲೆಯಲ್ಲಿ ಕೋನವಾಗಿ ತಿರುಗುತ್ತೆ. ಎರಡೂ ಓಲೆಯ ಏಳೇಳು ಕಲ್ಲನ್ನೂ ನೋಡಿ. ಉದುರಿದ ಒಂದನ್ನು ಯಾವಾಗಲೋ ಬದಲಾಯಿಸಿರೋದು ಮಾಮೂಲು. ಖಚಿತ ಬೇಕಿದ್ದರೆ ಲ್ಯಾಬಿಗೆ ಕೊಡಿ, ಕಲ್ಲು ಕೀಳದೆ ನೋಡಿ ಅಂತ ಮೊದಲೇ ಹೇಳಿ.

ಹಳೇ ನಾಣ್ಯದ ಹುಚ್ಚ:
ಗಡ್ಡದ ರಾಜ ಐದನೇ ಜಾರ್ಜ್. ಇನ್ನೊಂದು ಮುಖದಲ್ಲಿ ಕುದುರೆ ಸವಾರ ಇದ್ದರೆ ಅದು ಬ್ರಿಟಿಷರ ಚಿನ್ನದ ನಾಣ್ಯ ಸವರನ್: 22 ಕ್ಯಾರಟ್, 7.98 ಗ್ರಾಂ, ಅಡ್ಡಳತೆ ಸುಮಾರು 22 ಮಿಲಿಮೀಟರ್. ಬಳೆಯ ತೂಕ ಬೇರೆ. ಇಸವಿಯ ಮೇಲೆ, ಕುದುರೆಯ ಕಾಲಡಿಯ ನೆಲದ ಗೆರೆಯಲ್ಲಿ ಇಂಗ್ಲಿಷಿನ "ಐ" ಅಕ್ಷರ ಇದೆಯಾ ನೋಡಿ, ಇದ್ದರೆ ಬೊಂಬಾಯಿಯದು. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ ಟಂಕಸಾಲೆ ಸವರನ್ ಹೊಡೆದದ್ದು 1918ರಲ್ಲಿ ಮಾತ್ರ. ಅಕ್ಕಸಾಲಿಗರು ಅಚ್ಚು ಮಾಡಿದ ನಕಲು ಕಾಸುಗಳೂ ಉಂಟು, ಅವುಗಳ ಅಂಚಿನ ಗೀರು ಒಂದೇ ಸಮ ಇರಲ್ಲ. ಇಸವಿ ಕಾಸಿನದು ಅನ್ನೋದು ನೆನಪಿರಲಿ, ಬಳೆ ಆಮೇಲೆ ಎಂದಾದರೂ ಹಾಕಿಸಿರಬಹುದು.

ಮಲ್ಲೇಶ್ವರದ ಮೊಮ್ಮಗಳು:
ಕುದುರೆ ಇದೆ! ತಾರಸಿಯ ಬಿಸಿಲಲ್ಲಿ ಹಿಡಿದು ನೋಡಿದೆ, 1918ರ ಮೇಲೆ ಎಳ್ಳಿನ ಕಾಳಿಗಿಂತ ಚಿಕ್ಕದಾಗಿ "ಐ" ಕಾಣ್ತು. ಹದಿಮೂರು ಹರಳಿನಲ್ಲಿ ಬಾಗಿದ ಗೆರೆ ಇದೆ ಅನಿಸ್ತಿದೆ, ಮಂಕಾದದ್ದು ತಿಳೀತಿಲ್ಲ. ಸೋಮವಾರ ಲ್ಯಾಬಿಗೆ ಕೊಡ್ತೀವಿ.

ಅಕ್ಕಸಾಲಿಗಳೇ, ಒಂದು ತಿರುಪಿಗೆ ಅಜ್ಜಿ ಕೆಂಪು ದಾರ ಸುತ್ತಿದ್ದರು. ಕೊಳೆ ಅಂತ ನಾನು ಬಿಚ್ಚಿ ಎಸೆಯೋದರಲ್ಲಿದ್ದೆ. ಅದು ಬಲಗಿವಿಯದು ಅಂತ ಗುರುತು. ಹಾಗೇ ಬಿಟ್ಟಿದ್ದೀನಿ.